ವಾಷಿಂಗ್ಟನ್ ಸರೋವರದ ದಡದಿಂದ ಹಾರನಹಳ್ಳಿಗೆ

ಕರ್ಕ್‌ಲ್ಯಾಂಡ್, ವಾಷಿಂಗ್ಟನ್ ರಾಜ್ಯ
ಅಕ್ಟೋಬರ್

ಚಿ. ಪುಟ್ಟನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ನಾನು, ನಿಮ್ಮ ದೊಡ್ಡಮ್ಮ, ಅಕ್ಕ, ಭಾವ, ಮೊಮ್ಮಗಳು ಎಲ್ಲರೂ ಕ್ಷೇಮ. ನಿಮ್ಮಪ್ಪನ ಕಾಲುನೋವು ಹೇಗಿದೆ ಬರಿ. ಮೊನ್ನೆ ಫೋನಿನಲ್ಲಿ ನೀನೊಂದು ಮಾತಂದೆ: "ಅಲ್ಲಿ ಜನವೇ ಬೇರೆ ದೊಡ್ಡಪ್ಪ, ಎಲ್ಲಾ ನೀಟು. ನಮ್ಮೋರಿಗೆ ಈ ಜನ್ಮದಲ್ಲಿ ಬುದ್ಧಿ ಬರಲ್ಲ ಬಿಡು." ಅಷ್ಟರಲ್ಲಿ ಲೈನ್ ಕಟ್ಟಾಯಿತು. ಅದಕ್ಕೆ ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ, ಹಾಗಾಗಿ ಕಾಗದ ಹಿಡಿದಿದ್ದೇನೆ. ನಿನ್ನ ಅಕ್ಕ ಇದರ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಾಳಂತೆ. ನನ್ನ ಅಕ್ಷರ ತಿಳಿಯದಿದ್ದರೆ ನಿಮ್ಮಪ್ಪನ ಕೈಗೆ ಕೊಡು. ಕೊಬ್ಬರಿ ಲೆಕ್ಕದ ಪುಸ್ತಕದಲ್ಲಿ ನೋಡಿ ನೋಡಿ ಅವನಿಗೆ ಅಭ್ಯಾಸವಾಗಿದೆ.

ಮನೆಯ ಹಿಂದೆಯೇ ಡಗ್ಲಸ್ ಫರ್, ಸೀಡರ್ ಮರಗಳು. ನಮ್ಮ ತೋಟದ ಹಳೇ ತೆಂಗುಗಳು ಇವುಗಳ ಸೊಂಟಕ್ಕೆ ಬಂದರೆ ಹೆಚ್ಚು. ಮಳೆಯ ಲೆಕ್ಕವಂತೂ ತಲೆಕೆಳಗು. ಜುಲೈ, ಆಗಸ್ಟಿನಲ್ಲಿ ನಮ್ಮಲ್ಲಿ ಮೋಡ ನೋಡುತ್ತಾ ಕೂತಿರುತ್ತೇವಲ್ಲ, ಇಲ್ಲಿ ಆಗ ಆಕಾಶ ಬೋಳು, ಹುಲ್ಲೆಲ್ಲ ಒಣಗಿ ಹಳದಿ. ಅಕ್ಟೋಬರಿನಲ್ಲಿ ಶುರುವಾದರೆ ಚಳಿಗಾಲ ಪೂರ್ತಿ ಜಿಟಿಜಿಟಿ. ನಮ್ಮ ಹಿಂಗಾರು ಒಂದು ಸಂಜೆಗೆ ಸುರಿಸಿ ಹೋಗುವ ನೀರನ್ನು ಇಲ್ಲಿನ ಮಳೆ ವಾರಗಟ್ಟಲೆ ಜಿನುಗಿಸುತ್ತದೆ. ಆದರೂ ಕೊಡೆ ಹಿಡಿದವರು ಕಾಣುವುದು ಅಪರೂಪ. ಮೋಡ ಸರಿದ ದಿನ ದಕ್ಷಿಣಕ್ಕೆ ರೇನಿಯರ್ ಪರ್ವತ ಎದ್ದು ನಿಲ್ಲುತ್ತದೆ. ಎತ್ತರ 14,410 ಅಡಿ, ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕೂ ಮೇಲೆ. ಅದು ಜ್ವಾಲಾಮುಖಿ, ಸತ್ತಿಲ್ಲ, ಸುಮ್ಮನೆ ಮಲಗಿದೆ ಎಂದು ಮೊಮ್ಮಗಳು ನನ್ನನ್ನು ಹೆದರಿಸುತ್ತಾಳೆ.

ಇಸ್ಸಕ್ವಾ ಎಂಬ ಊರಿನ ಹಳ್ಳಕ್ಕೆ ಈ ತಿಂಗಳು ಸಾಮನ್ ಮೀನುಗಳು ಬರುತ್ತವೆ. ಹಳ್ಳದಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಕೆಲವು ವರ್ಷ ಬೆಳೆದು, ಹುಟ್ಟಿದ ನೀರಿನ ವಾಸನೆ ಹಿಡಿದು ಪ್ರವಾಹಕ್ಕೆ ಎದುರಾಗಿ ವಾಪಸ್ ಬಂದು, ಮೊಟ್ಟೆಯಿಟ್ಟು ಸಾಯುತ್ತವೆ. ನೀನೂ ಹೀಗೆ ಊರಿಗೆ ವಾಪಸ್ ಬಾ ಎಂದು ಉಪದೇಶ ಹೇಳುತ್ತಾನೆ ದೊಡ್ಡಪ್ಪ ಅಂದುಕೊಂಡೆಯಾ? ಇಲ್ಲ ಮಗಾ. ಬಂದು ಸಾಯುವ ಮೀನನ್ನು ಬಾಳಬೇಕಾದ ಹುಡುಗರಿಗೆ ಉದಾಹರಣೆ ಕೊಡಬಾರದು. ನನ್ನ ಮಾತು ಬೇರೆ. ಆ ಹಳ್ಳದ ಪಕ್ಕದಲ್ಲೇ ಮೀನುಮರಿ ಮಾಡುವ ಸರ್ಕಾರಿ ಕೇಂದ್ರವಿದೆ, 1930ರ ದಶಕದ್ದು. ಮರ ಕಡಿದು, ಗಣಿ ತೋಡಿ ಹಳ್ಳ ಕೆಟ್ಟು, ಮೀನು ಬರುವುದು ಕಡಿಮೆಯಾಗಿತ್ತು. ಅದಕ್ಕೇ ಅದನ್ನು ಕಟ್ಟಬೇಕಾಯಿತು. ಈಗ ಶಾಲೆಯ ಮಕ್ಕಳು ಸಾಲುಗಟ್ಟಿ ಬಂದು ನೋಡುತ್ತಾರೆ, ಊರಿನ ನಿವೃತ್ತರು ಬಿಟ್ಟಿಯಾಗಿ ನಿಂತು ವಿವರಿಸುತ್ತಾರೆ. ಹಾಳು ಮಾಡಿದವರ ಮೊಮ್ಮಕ್ಕಳೂ ಅವರಲ್ಲಿ ಇರಬಹುದು.

ಇನ್ನು ಸರೋವರದ ಕಥೆ. ನಿನಗೆ ಹೇಳಬೇಕಾದದ್ದು ಇದೇ.

ಮನೆಯಿಂದ ಇಳಿಜಾರಿನಲ್ಲಿ ನಡೆದರೆ ವಾಷಿಂಗ್ಟನ್ ಸರೋವರ. ಉದ್ದ ಸುಮಾರು 35 ಕಿಲೋಮೀಟರ್. ಬೇಸಿಗೆಯಲ್ಲಿ ಮಕ್ಕಳು ಈಜುತ್ತಿದ್ದರು, ದಡದ ಬಳಿ ತಳದ ಕಲ್ಲು ಎಣಿಸುವ ಹಾಗೆ ಕಾಣುತ್ತಿತ್ತು. ನೀನು ನೋಡಿದ್ದರೆ ನಿನ್ನ ಮಾತು ಸಾಬೀತಾಯಿತು ಅನ್ನುತ್ತಿದ್ದೆ. ಅಲ್ಲಿನ ಬೆಂಚಿನ ಮೇಲೆ ಒಬ್ಬ ಹಿರಿಯರ ಪರಿಚಯವಾಯಿತು. ಇಲ್ಲೇ ಹುಟ್ಟಿ ಬೆಳೆದವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಅವರು ಹುಡುಗರಾಗಿದ್ದಾಗ ಈ ನೀರಿಗೆ ಇಳಿಯಬೇಡಿ ಎಂಬ ಬೋರ್ಡುಗಳಿದ್ದವಂತೆ. ನನಗೆ ನಂಬಿಕೆ ಬರಲಿಲ್ಲ. ನಿನ್ನ ಅಕ್ಕ ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಸುತ್ತಲಿನ ಊರುಗಳು ಬೆಳೆದವು. ಒಂದೊಂದು ಊರೂ ತನ್ನ ಕೊಳಚೆಯನ್ನು ಅಷ್ಟಿಷ್ಟು ಶುದ್ಧಮಾಡಿ ಸರೋವರಕ್ಕೇ ಬಿಟ್ಟಿತು. 1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡ್ಮಂಡ್ಸನ್ ಎಂಬ ಪ್ರಾಣಿಶಾಸ್ತ್ರಜ್ಞರ ಕಣ್ಣಿಗೆ ನೀರಿನಲ್ಲಿ ಒಂದು ಜಾತಿಯ ಪಾಚಿ ಬಿತ್ತು. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಸರೋವರ ಕೆಡುವಾಗ ಮೊದಲು ಕಾಣಿಸಿಕೊಂಡಿದ್ದು ಅದೇ ಪಾಚಿ. ಕೊಳಚೆಯಲ್ಲಿದ್ದ ರಂಜಕ ಪಾಚಿಗೆ ಗೊಬ್ಬರವಾಗುತ್ತಿತ್ತು. ನಾವು ಡಿಎಪಿ ಮೂಟೆ ಹೊತ್ತು ಹೊಲಕ್ಕೆ ಹಾಕುತ್ತೇವಲ್ಲ, ಅದರಲ್ಲಿರುವ ರಂಜಕವೇ. ಬೆಳೆ ಮಾತ್ರ ಬೇರೆ. ನೀರು ನಾತ ಹೊಡೆಯತೊಡಗಿತು, ಪತ್ರಿಕೆಗಳು ಸರೋವರಕ್ಕೆ ನಾತದ ಅಡ್ಡಹೆಸರನ್ನೇ ಇಟ್ಟವು.

ಜಿಮ್ ಎಲಿಸ್ ಎಂಬ ವಕೀಲರು ಮುಂದೆ ನಿಂತು, ಎಲ್ಲ ಊರುಗಳೂ ಸೇರಿ ಒಂದೇ ಒಳಚರಂಡಿ ವ್ಯವಸ್ಥೆ ಮಾಡಬೇಕು ಎಂದು ಪಟ್ಟು ಹಿಡಿದರು. 1958ರ ಮಾರ್ಚಿನಲ್ಲಿ ಮತಕ್ಕೆ ಹಾಕಿದರು. ಬಿದ್ದುಹೋಯಿತು! ಸಿಯಾಟಲ್ ಪಟ್ಟಣದವರು ಒಪ್ಪಿದರೂ ಸುತ್ತಲಿನ ಊರಿನವರು ಕೈಯೆತ್ತಲಿಲ್ಲ. ಅವರ ಕೆಲಸಕ್ಕೆ ನಮ್ಮ ದುಡ್ಡು ಯಾಕೆ ಎನ್ನುವ ವಾದ ನಮ್ಮ ಪಂಚಾಯಿತಿ ಕಟ್ಟೆಯಲ್ಲಿ ನೀನು ಕೇಳಿಲ್ಲವೇ? ಅದನ್ನು ಓದುವಾಗ ನಾನು ಒಬ್ಬನೇ ನಕ್ಕೆ, ದೊಡ್ಡಮ್ಮ ಒಳಗಿನಿಂದ ಏನಾಯಿತು ಎಂದು ಬಂದಳು. ಆಮೇಲೆ ಯೋಜನೆಯನ್ನು ಚಿಕ್ಕದು ಮಾಡಿ, ಮನೆಮನೆಗೆ ಹೋಗಿ ಹೇಳಿ, ಸೆಪ್ಟೆಂಬರಿನಲ್ಲಿ ಮತ್ತೆ ಮತಕ್ಕೆ ಹಾಕಿದರು. ಗೆದ್ದಿತು. 1963ರಿಂದ 1968ರ ತನಕ ಒಂದೊಂದೇ ಊರಿನ ಕೊಳಚೆಯನ್ನು ಸರೋವರದಿಂದ ಬೇರೆಡೆಗೆ ತಿರುಗಿಸಿದರು. 14 ಕೋಟಿ ಡಾಲರ್ ಖರ್ಚಾಯಿತು. ಶುದ್ಧಮಾಡಿದ ನೀರು ಸಮುದ್ರಕ್ಕೆ ಹೋಗುತ್ತದೆ. ಅಂದರೆ ಕೊಳೆಯನ್ನು ಮಾಯ ಮಾಡಲಿಲ್ಲ, ತಡೆದುಕೊಳ್ಳುವ ದೊಡ್ಡ ಹೊಟ್ಟೆಗೆ ಕಳಿಸಿದರು. ಅದನ್ನೂ ಹೇಳದೆ ಬಿಟ್ಟರೆ ಕಥೆ ಪೂರ್ತಿಯಾಗುವುದಿಲ್ಲ.

ಈಗ ನಿನ್ನ ಮಾತಿಗೆ ಬಾ. ಮಾರ್ಚಿನಲ್ಲಿ ಬೇಡ ಎಂದವರೂ ಸೆಪ್ಟೆಂಬರಿನಲ್ಲಿ ಆಗಲಿ ಎಂದವರೂ ಅದೇ ಊರುಗಳ ಜನ. ಆರು ತಿಂಗಳಲ್ಲಿ ಯಾರ ಜನ್ಮವೂ ಬದಲಾಗುವುದಿಲ್ಲ ಮಗಾ.

ಇವರದ್ದೆಲ್ಲ ಚಿನ್ನ ಎಂದೂ ತಿಳಿಯಬೇಡ. ಸ್ನೋಕ್ವಾಲ್ಮಿ ಎಂಬ ಜಲಪಾತಕ್ಕೆ ಹೋಗಿದ್ದೆವು. 268 ಅಡಿ, ನಮ್ಮ ಜೋಗದ ಮೂರನೇ ಒಂದು ಪಾಲು. ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ತೆಗೆದರಲ್ಲ, ಅದಕ್ಕೆ ಮೂರು ವರ್ಷ ಮೊದಲೇ ಇಲ್ಲಿ ಬಂಡೆ ಕೊರೆದು ನೆಲದಡಿಯಲ್ಲಿ ವಿದ್ಯುದಾಗಾರ ಮಾಡಿದ್ದರು. ಆದರೆ ಆ ಜಲಪಾತ ಸ್ನೋಕ್ವಾಲ್ಮಿ ಬುಡಕಟ್ಟಿನವರಿಗೆ ದೇವರ ಜಾಗ. ಅದರ ಅಂಚಿನ ಹೋಟೆಲನ್ನೂ ಸುತ್ತಲಿನ ನೆಲವನ್ನೂ 2019ರಲ್ಲಿ ಅವರು ಹನ್ನೆರಡೂವರೆ ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡರು. ತಮ್ಮ ದೇವರ ಮಗ್ಗುಲಿನ ಜಾಗಕ್ಕೆ ತಾವೇ ಕ್ರಯ ಕೊಡಬೇಕಾಯಿತು, ನೋಡು.

ಜನರ ವಿಚಾರ ಕೇಳಿದ್ದೆಯಲ್ಲ. ದಾರಿಯಲ್ಲಿ ಎದುರಾದವರು ನಗುತ್ತಾರೆ, ಹವೆಯ ಬಗ್ಗೆ ಎರಡು ಮಾತಾಡುತ್ತಾರೆ, ಹೋಗುತ್ತಾರೆ. ಮನೆಯೊಳಗೆ ಕರೆಯುವುದಿಲ್ಲ. ಸಂತೆಯಿಲ್ಲ, ಜಗಲಿಯಿಲ್ಲ. ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಕಾರು ತೆಗೆಯಬೇಕು. ಹಗಲಿಡೀ ಮನೆ ಬಿಕೋ ಎನ್ನುತ್ತದೆ. ನನ್ನಂಥ ಮುದುಕರಿಗೆ ಜೀವ ಬರುವುದು ಬೆಲ್‌ವ್ಯೂ ಊರಿನ ಕ್ರಾಸ್‌ರೋಡ್ಸ್ ಎಂಬ ಮಾಲಿನಲ್ಲಿ. ಅಲ್ಲಿ ನೆಲದ ಮೇಲೆಯೇ ದೊಡ್ಡ ಚದುರಂಗ, ಕಾಯಿಗಳನ್ನು ಎರಡೂ ಕೈಯಲ್ಲಿ ಎತ್ತಿಡಬೇಕು. ಪಂಜಾಬಿನವರು, ಚೀನಾದವರು, ರಷ್ಯಾದವರು, ಗುಂಟೂರಿನವರು ಎಲ್ಲರೂ ಸುತ್ತ ನಿಂತು ಅವರವರ ಭಾಷೆಯಲ್ಲಿ ಸಲಹೆ ಕೊಡುತ್ತಾರೆ. ಆಡುವವರು ಯಾರ ಮಾತೂ ಕೇಳುವುದಿಲ್ಲ. ಅರಸೀಕೆರೆ ಬಸ್ ಸ್ಟ್ಯಾಂಡಿನಷ್ಟೇ ಗಲಾಟೆ, ನನಗೆ ಹಿತವಾಗಿತ್ತು.

ಸಿಯಾಟಲ್ ಸುತ್ತಿನ ಕನ್ನಡಿಗರದು ಸಹ್ಯಾದ್ರಿ ಕನ್ನಡ ಸಂಘ. ಮೊಮ್ಮಗಳು ರಾಜ್ಯೋತ್ಸವಕ್ಕೆಂದು ಪದ್ಯ ಬಾಯಿಪಾಠ ಮಾಡುತ್ತಿದ್ದಾಳೆ. 'ಳ' ಹೊರಳುವುದಿಲ್ಲ, ದೊಡ್ಡಮ್ಮ ಬೆನ್ನು ಬಿದ್ದಿದ್ದಾಳೆ. ನಮ್ಮ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು ವಯಸ್ಸಾದ ಮೇಲೆ ಈ ದೇಶ ಸುತ್ತಿ 'ಅಮೆರಿಕದಲ್ಲಿ ಗೊರೂರು' ಬರೆದರು, 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರು ಬರೆದಾಗ ನಾಡೇ ಓದಿತು. ನಾನು ಬರೆದರೆ ನೀನೊಬ್ಬ ಓದಿದರೆ ದೊಡ್ಡದು.

ಬೆಂಚಿನ ಹಿರಿಯರಿಗೆ ಒಂದು ದಿನ ನಮ್ಮ ಹಾರನಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಫೋಟೊ ತೋರಿಸಿದೆ. 1235ರಲ್ಲಿ ಮೂವರು ಅಣ್ಣತಮ್ಮಂದಿರು ಕಟ್ಟಿಸಿದ್ದು ಎಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅವರ ಕರ್ಕ್‌ಲ್ಯಾಂಡ್ ಊರನ್ನು ಕಟ್ಟಲು ಹೊರಟದ್ದು 1888ರಲ್ಲಿ. ಗೋಡೆಯ ಶಿಲ್ಪಗಳ ಬಗ್ಗೆ ಕೇಳುತ್ತಾರೆ ಅಂದುಕೊಂಡರೆ ಅವರು ಕೇಳಿದ್ದು ಬೇರೆ: ಇಷ್ಟು ದೊಡ್ಡ ಗುಡಿ ಇದ್ದ ಊರಿಗೆ ಆಗ ನೀರು ಎಲ್ಲಿಂದ? ಕೆರೆ, ಏರಿ, ತೂಬು, ಕೋಡಿ, ನೀರು ಬಿಡುವ ನೀರುಗಂಟಿ ಎಲ್ಲವನ್ನೂ ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಕೆರೆ ಈಗ ಹೇಗಿದೆ ಎಂದರು. ಚೆನ್ನಾಗಿದೆ, ಕೆಟ್ಟಿದೆ ಎಂಬ ಮಾತಲ್ಲ, ಅವರಿಗೆ ಬೇಕಾಗಿದ್ದುದು ನೀರು ಎಷ್ಟು ತಿಳಿ ಎಂಬ ಅಳತೆ.

ಅದಕ್ಕೆ ನಿನ್ನಿಂದ ಒಂದು ಕೆಲಸವಾಗಬೇಕು. ಇಲ್ಲಿನವರು ಒಂದು ಗೇಣಿನಷ್ಟು ಅಗಲದ ಬಿಳಿ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸುತ್ತಾರೆ. ಎಷ್ಟು ಆಳದಲ್ಲಿ ಅದು ಕಣ್ಮರೆಯಾಗುತ್ತದೋ ಅದೇ ನೀರಿನ ತಿಳಿ. 1964ರಲ್ಲಿ ಈ ಸರೋವರದಲ್ಲಿ ತಟ್ಟೆ ಎರಡೂವರೆ ಅಡಿಗೇ ಮಾಯವಾಗುತ್ತಿತ್ತು, 1968ಕ್ಕೆ ಹತ್ತು ಅಡಿಯವರೆಗೂ ಕಂಡಿತು. ಅಡುಗೆಮನೆಯ ಹಳೇ ತಟ್ಟೆಯೊಂದಕ್ಕೆ ಬಿಳಿ ಪೇಂಟ್ ಬಳಿ, ಕೆಳಗೆ ಒಂದು ಕಲ್ಲು ಕಟ್ಟು, ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕು. ಮೀನಿನವರ ತೆಪ್ಪ ಕೇಳಿಕೊಂಡು ಕೆರೆಯ ನಡುವೆ ಹೋಗು, ಒಬ್ಬನೇ ಹೋಗಬೇಡ. ಮಳೆ ಬಂದ ಮಾರನೇ ದಿನ ಅಳೆಯಬೇಡ, ಆಗ ಕೆಂಪು ಮಣ್ಣಿನ ಕದಡು ಇರುತ್ತದೆ. ನೀರು ತಂಗುವ ತನಕ ಕಾಯಿ. ಆಮೇಲೂ ತಟ್ಟೆ ಬೇಗ ಮಾಯವಾದರೆ, ನೀರು ಹಸಿರೋ ಕೆಂಪೋ ನೋಡಿ ಬರಿ. ಹಸಿರಾದರೆ ಯಾವ ಚರಂಡಿ ಎಲ್ಲಿ ಕೆರೆಗೆ ಸೇರುತ್ತದೆ ಎಂದು ಏರಿಯ ಸುತ್ತ ನಡೆದು ನೋಡು. ನಿನ್ನ ಜಿಆರ್‌ಇ ಪರೀಕ್ಷೆಯ ಓದಿಗೆ ಇದರಿಂದ ಒಂದು ಭಾನುವಾರದ ನಷ್ಟ, ಅಷ್ಟೆ. ಅಮೆರಿಕಕ್ಕೆ ಬರುವುದಾದರೆ ಧಾರಾಳವಾಗಿ ಬಾ, ಬೇಡ ಎನ್ನುವವನು ನಾನಲ್ಲ.

ತೋಟದ ಕಪ್ಪು ತಲೆ ಹುಳದ ವಿಷಯ ನಿಮ್ಮಪ್ಪ ಹೇಳಲೇ ಇಲ್ಲ. ಗರಿ ಒಣಗಿದ್ದರೆ ಅದರ ಫೋಟೊವನ್ನೂ ಅಳತೆಯ ಜೊತೆ ಕಳಿಸು. ಮನೆಯಲ್ಲಿ ಎಲ್ಲರಿಗೂ ನನ್ನ ನೆನಪು ಹೇಳು.

ಇಂತಿ,
ನಿನ್ನ ದೊಡ್ಡಪ್ಪ