ಹೊಳಪು ಕೊಡಲು ಹೋಗಿ ಗೀರು ಬಿದ್ದರೆ

ಪ್ರಶ್ನೆ: ಆಯುಧಪೂಜೆಗೆಂದು ನಮ್ಮ ಕಪ್ಪು ಕಾರಿಗೆ ಅಂಗಡಿಯಿಂದ ಕಾಂಪೌಂಡ್ ತಂದು, ಹಳೆಯ ಬನಿಯನ್ ಬಟ್ಟೆಯಿಂದ ಕೈಯಲ್ಲೇ ಉಜ್ಜಿದೆ. ನೆರಳಿನಲ್ಲಿ ಚೆನ್ನಾಗಿ ಹೊಳೆಯುತ್ತದೆ. ಬಿಸಿಲಿಗೆ ತಂದರೆ ಬಾನೆಟ್ ತುಂಬ ಸುತ್ತುಸುತ್ತಾದ ಸಣ್ಣ ಗೀರುಗಳು ಕಾಣುತ್ತವೆ. ನಾನು ಉಜ್ಜಿದ್ದು ಉದ್ದಕ್ಕೆ, ಸುತ್ತು ಎಲ್ಲಿಂದ ಬಂದವು? ಬಾಗಿಲ ಮೇಲೆ ಎರಡು ಗೀರು ಉಗುರಿಗೂ ಸಿಗುತ್ತವೆ. ಮತ್ತೆ ಪೇಂಟ್ ಹೊಡೆಸಬೇಕೆ? ಜೊತೆಗೆ ಇನ್ನೊಂದು: ಎಲ್ಲಮ್ಮನ ಗುಡ್ಡಕ್ಕೆ ಹೋದಾಗ ತಮ್ಮನ ಬಿಳಿ ಕಾರಿಗೆ ಭಂಡಾರದ ಕಲೆ ಹತ್ತಿದೆ. ಅದನ್ನೂ ಉಜ್ಜಬಹುದೆ?
ಬೈಲಹೊಂಗಲದ ಓದುಗರೊಬ್ಬರು

ಉತ್ತರ: ಹೊಳಪು ಕೊಡುವ ವಸ್ತುವಿನಿಂದಲೇ ಗೀರು ಬಿದ್ದರೆ ಯಾರಿಗಾದರೂ ಗೊಂದಲವಾಗುತ್ತದೆ. ಮೊದಲೇ ಹೇಳಿಬಿಡುತ್ತೇನೆ: ಬಾನೆಟ್ಟಿಗೆ ಪೇಂಟ್ ಬೇಕಿಲ್ಲ, ಬಹುಮಟ್ಟಿಗೆ ಮನೆಯಲ್ಲೇ ಸರಿಹೋಗುತ್ತದೆ. ಬಾಗಿಲ ಮೇಲಿನ ಎರಡು ಗೀರುಗಳ ಮಾತು ಬೇರೆ.

ಇಂದಿನ ಹೆಚ್ಚಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಈ ಕೊನೆಯದಕ್ಕೆ ಕ್ಲಿಯರ್ ಕೋಟ್ ಎನ್ನುತ್ತಾರೆ. ಕಾರಿನ ಹೊಳಪೆಲ್ಲ ಇದರದೇ. ಇದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ಅಂದರೆ ನಮ್ಮ ತಲೆಗೂದಲಿಗಿಂತ ತೆಳು. ನಿಮ್ಮ ಬಾನೆಟ್ಟಿನ ಗೀರುಗಳು ಈ ಪದರದ ಮೇಲ್ಮೈಯಲ್ಲೇ ಇವೆ, ಕೆಳಗಿನ ಕಪ್ಪು ಬಣ್ಣಕ್ಕೆ ತಾಗಿಲ್ಲ.

ನಂಬಿಕೆ ಬಾರದಿದ್ದರೆ ಗೀರಿನ ಮೇಲೆ ಸ್ವಲ್ಪ ನೀರು ಹಾಕಿ ನೋಡಿ. ನೀರು ಗೀರಿನೊಳಗೆ ಇಳಿದು ಬೆಳಕು ಚದುರುವುದನ್ನು ತಗ್ಗಿಸುತ್ತದೆ. ಒದ್ದೆಯಾದಾಗ ಮಾಯವಾಗಿ ಆರಿದ ಮೇಲೆ ಮತ್ತೆ ಕಂಡರೆ ಗೀರು ಮೇಲ್ಪದರದ್ದು, ಪಾಲಿಶ್‌ಗೆ ಹೋಗುತ್ತದೆ. ಒದ್ದೆಯಲ್ಲೂ ಹಾಗೇ ಉಳಿದರೆ, ಉಗುರಿಗೂ ಸಿಕ್ಕರೆ, ಆಳಕ್ಕೆ ಇಳಿದಿದೆ ಎಂದು ತಿಳಿಯಬೇಕು.

ಈಗ ಸುತ್ತಿನ ವಿಚಾರ. ಇಲ್ಲಿ ಬಹಳ ಜನ ಮೋಸಹೋಗುತ್ತಾರೆ, 'ನಾನು ದುಂಡಗೆ ಉಜ್ಜಿದ್ದರಿಂದ ದುಂಡಗಿನ ಗೀರು ಬಿತ್ತು' ಎಂದುಕೊಳ್ಳುತ್ತಾರೆ. ನಿಜಕ್ಕೂ ಅಲ್ಲಿ ಸುತ್ತುಗಳೇ ಇಲ್ಲದಿರಬಹುದು. ಉದ್ದಕ್ಕೆ ಉಜ್ಜಿದರೂ ಕೈ ಆಚೀಚೆ ಸರಿಯುತ್ತದೆ. ವರ್ಷಗಳಿಂದ ತೊಳೆದಾಗ, ಒರೆಸಿದಾಗ ಬಿದ್ದ ಗೀರುಗಳೂ ಅಲ್ಲಿವೆ. ಹೀಗೆ ಎಲ್ಲ ದಿಕ್ಕಿನ ಗೀರುಗಳೂ ಬೆರೆತಿರುತ್ತವೆ. ಪ್ರತಿ ಗೀರೂ ಬೆಳಕನ್ನು ತನ್ನ ಉದ್ದಕ್ಕೆ ಅಡ್ಡಲಾಗಿ ಚದುರಿಸುತ್ತದೆ. ಆದ್ದರಿಂದ ಬಾನೆಟ್ಟಿನಲ್ಲಿ ಕಾಣುವ ಸೂರ್ಯನ ಬಿಂಬದ ಸುತ್ತ ಬಳಸಿದಂತೆ ಮಲಗಿರುವ ಗೀರುಗಳ ಬೆಳಕು ಮಾತ್ರ ನಿಮ್ಮ ಕಣ್ಣಿಗೆ ಬರುತ್ತದೆ. ಉಳಿದವು ಇದ್ದೂ ಕಾಣುವುದಿಲ್ಲ. ಕಂಡವಷ್ಟೂ ಸೇರಿ ಸುತ್ತಾಗಿ ತೋರುತ್ತವೆ. ನಿಂತಲ್ಲಿಂದ ಎರಡು ಹೆಜ್ಜೆ ಸರಿದು ನೋಡಿ, ಸುತ್ತುಗಳ ನಡುಬಿಂದುವೂ ನಿಮ್ಮೊಂದಿಗೆ ಸರಿಯುತ್ತದೆ. ರಾತ್ರಿ ಮೊಬೈಲಿನ ಟಾರ್ಚ್ ಹಿಡಿದು ಆಡಿಸಿದರೂ ಇದೇ ಆಟ. ನೆರಳಿನಲ್ಲಿ ಬೆಳಕು ಎಲ್ಲ ಕಡೆಯಿಂದ ಹರಡಿ ಬರುವುದರಿಂದ ಏನೂ ಕಾಣುವುದಿಲ್ಲ. ನೆರಳಿನಲ್ಲಿ ನೋಡಿ ಕೆಲಸ ಮುಗಿಯಿತು ಎಂದುಕೊಳ್ಳುವುದು ಇದಕ್ಕೇ. ಕಪ್ಪು ಬಣ್ಣದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಬಿಳಿ ಕಾರಿನಲ್ಲೂ ಇಷ್ಟೇ ಗೀರು ಇರಬಹುದು, ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾದರೆ ಗೀರು ಹಾಕಿದ್ದು ಯಾವುದು? ಕಾಂಪೌಂಡ್ ಎಂದರೆ ಎಣ್ಣೆಯಂಥ ದ್ರವದಲ್ಲಿ ಬೆರೆಸಿದ ಗಟ್ಟಿ ಪುಡಿ. ಅದು ಹೊಳಪು ಹಚ್ಚುವುದಿಲ್ಲ, ಮೇಲ್ಪದರವನ್ನು ತೀರ ಸಣ್ಣಗೆ ಸವೆಸುತ್ತದೆ. ಒರಟು ಕಾಂಪೌಂಡ್ ತನ್ನದೇ ಸಣ್ಣ ಗೀರುಗಳನ್ನು ಬಿಡುವುದು ಸಹಜ, ಅವನ್ನು ತೆಗೆಯಲು ಆಮೇಲೆ ನಯವಾದ ಪಾಲಿಶ್ ಬೇಕು. ನೀವು ಮೊದಲ ಹಂತಕ್ಕೇ ನಿಲ್ಲಿಸಿದ್ದೀರಿ. ಎರಡನೆಯ ಕಾರಣ ಬನಿಯನ್ ಬಟ್ಟೆ. ಅದರ ಹೊಲಿಗೆ ಗಟ್ಟಿಯಾಗಿರುತ್ತದೆ, ಬೆರಳ ತುದಿಯ ಒತ್ತಡ ಒಂದೇ ಕಡೆ ಬೀಳುತ್ತದೆ, ಸಿಕ್ಕಿಕೊಂಡ ಮಣ್ಣಿನ ಕಣಕ್ಕೆ ಒಳಗೆ ಸರಿಯಲು ಜಾಗವಿರುವುದಿಲ್ಲ.

ಮೂರನೆಯದು ನಮ್ಮ ಊರುಗಳ ದೂಳು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೈಲಹೊಂಗಲದ ಎರೆಮಣ್ಣು ಬಹುಪಾಲು ಜೇಡಿ, ಅಷ್ಟೇ ಆಗಿದ್ದರೆ ಮೆತ್ತಗಿನದು. ಆದರೆ ಒಣಗಿದರೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ, ಒಳಗೆ ಮರಳು, ಸುಣ್ಣಕಲ್ಲಿನ ಚೂರು ಇರುತ್ತವೆ. ಸವದತ್ತಿ, ರಾಮದುರ್ಗದ ಕಡೆ ಹೋದರೆ ಗುಡ್ಡಗಳೇ ಬೆಣಚುಕಲ್ಲಿನವು. ಮಲಪ್ರಭೆ ನವಿಲುತೀರ್ಥದ ಬಳಿ ಸೀಳಿಕೊಂಡು ಹೋಗುವುದು ಈ ಬಂಡೆಯನ್ನೇ. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹದ ಒಂದು ಭಾಗಕ್ಕೆ ರಾಮದುರ್ಗದ ಹೆಸರನ್ನೂ, ಅದರೊಳಗಿನ ಬೆಣಚುಕಲ್ಲಿನ ಪದರಕ್ಕೆ ಸವದತ್ತಿಯ ಹೆಸರನ್ನೂ ಇಟ್ಟಿದ್ದಾರೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಕಿಟಕಿ ಗಾಜಿಗೆ ಸುಮಾರು 5.5. ಕ್ಲಿಯರ್ ಕೋಟ್ ಗಾಜಿಗಿಂತಲೂ ಬಹಳ ಮೆತ್ತಗಿನ, ಪ್ಲಾಸ್ಟಿಕ್ ಜಾತಿಯ ಪದರ. ಆ ರಸ್ತೆಯ ದೂಳಿನ ಒಂದೇ ಕಣ ಬಟ್ಟೆಗೆ ಸಿಕ್ಕರೂ ಸಾಕು. ಕಬ್ಬು ನುರಿಸುವ ದಿನಗಳಲ್ಲಿ ಕಾರ್ಖಾನೆಗಳ ಸುತ್ತ ಬೀಳುವ ಬೂದಿಯೂ ಇದೇ ಜಾತಿ, ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೆಚ್ಚು.

ಸರಿಪಡಿಸುವ ಕೆಲಸ ಆದ್ದರಿಂದ ತೊಳೆಯುವುದರಿಂದಲೇ ಶುರುವಾಗಬೇಕು. ಬೆಳಗಿನ ಹೊತ್ತು, ನೆರಳಿನಲ್ಲಿ, ತಗಡು ತಣ್ಣಗಿರುವಾಗ ಮಾಡಿ. ಮೊದಲು ಬರೀ ನೀರು ಹಾಕಿ ಎರೆಮಣ್ಣು ನೆನೆಯಲು ಐದು ನಿಮಿಷ ಬಿಡಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಬೋರ್‌ವೆಲ್ ನೀರಾದರೆ ಹಾಗೇ ಆರಲು ಬಿಡಬೇಡಿ, ಉಪ್ಪಿನ ಬಿಳಿ ಕಲೆ ಉಳಿಯುತ್ತದೆ. ಮೈಕ್ರೊಫೈಬರ್ ಬಟ್ಟೆಯನ್ನು ಹಾಸಿ ಒತ್ತಿ ನೀರು ತೆಗೆಯಿರಿ.

ಇಡೀ ಬಾನೆಟ್ಟಿಗೆ ಕೈ ಹಾಕುವ ಮೊದಲು ಅಂಗೈಯಗಲದ ಒಂದು ಜಾಗದಲ್ಲಿ ಮಾತ್ರ ಪರೀಕ್ಷಿಸಿ. ಡಬ್ಬಿಯ ಮೇಲೆ ಫಿನಿಶಿಂಗ್ ಅಥವಾ ಫೈನ್ ಎಂದಿರುವ ಪಾಲಿಶ್ ತನ್ನಿ, ಹಚ್ಚಲು ದುಂಡಗಿನ ಮೆತ್ತನೆಯ ಸ್ಪಂಜು ಇರಲಿ. ಕಡಲೆಕಾಳಿನಷ್ಟು ಪಾಲಿಶ್ ಮೂರು ನಾಲ್ಕು ಕಡೆ ಇಟ್ಟು, ಅಂಗೈಯಿಂದ ಸಮನಾಗಿ ಒತ್ತಿ, ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಉಜ್ಜುತ್ತ ಹೋಗಿ. ಕೈಕೆಲಸಕ್ಕೆ ತಾಳ್ಮೆ ಬೇಕು, ಅಂಗೈಯಗಲಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಪಾಲಿಶ್ ಒಣಗಿ ಪುಡಿಯಾಗುವ ಮೊದಲೇ ಚೊಕ್ಕ ಬಟ್ಟೆಯಿಂದ ಒರೆಸಿ. ಸ್ಪಂಜಾಗಲಿ ಬಟ್ಟೆಯಾಗಲಿ ಒಮ್ಮೆ ನೆಲಕ್ಕೆ ಬಿದ್ದರೆ ಅವತ್ತಿಗೆ ಅದರ ಕೆಲಸ ಮುಗಿಯಿತು. ಕೊಡವಿ ಮತ್ತೆ ಬಳಸಬೇಡಿ.

ಫಲಿತಾಂಶ ನೋಡುವ ಮುನ್ನ ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅಷ್ಟೇ ನೀರು ಬೆರೆಸಿ ಆ ಜಾಗ ಒರೆಸಿ. ಪಾಲಿಶ್‌ನ ಎಣ್ಣೆ ಗೀರುಗಳಲ್ಲಿ ಕುಳಿತು ಇಲ್ಲದ ಹೊಳಪು ತೋರಿಸುತ್ತದೆ, ಎರಡು ಸಲ ತೊಳೆದ ಮೇಲೆ ಗೀರು ಮತ್ತೆ ಕಾಣುತ್ತದೆ. ವ್ಯಾಕ್ಸ್ ಕೂಡ ಮಾಡುವುದು ಇಷ್ಟೇ. ಅದು ಮುಚ್ಚುತ್ತದೆ, ತೆಗೆಯುವುದಿಲ್ಲ. ಕೆಲಸವೆಲ್ಲ ಮುಗಿದ ಮೇಲೆ ರಕ್ಷಣೆಗೆ ಹಚ್ಚಿದರೆ ತಪ್ಪಿಲ್ಲ. ಒರೆಸಿದ ಮೇಲೂ ಗೀರು ಉಳಿದಿದ್ದರೆ ಮಾತ್ರ ನಿಮ್ಮ ಹಳೆಯ ಕಾಂಪೌಂಡ್ ಅನ್ನು ಹೊಸ ಸ್ಪಂಜಿನಿಂದ ಅಲ್ಲಿ ಬಳಸಿ, ಅದರ ಮೇಲೆ ತಪ್ಪದೆ ಫೈನ್ ಪಾಲಿಶ್ ಮಾಡಿ. ಟೂತ್‌ಪೇಸ್ಟ್ ಹಚ್ಚಿ ಎನ್ನುವವರೂ ಇದ್ದಾರೆ. ಅದರಲ್ಲೂ ಇರುವುದು ಉಜ್ಜುವ ಪುಡಿಯೇ, ಆದರೆ ಅದು ಹಲ್ಲಿನ ಲೆಕ್ಕಕ್ಕೆ ಮಾಡಿದ್ದು.

ಉಜ್ಜುವಾಗ ಬಟ್ಟೆಗೆ ಕಾರಿನ ಬಣ್ಣ ಹತ್ತುತ್ತದೆಯೇ ಎಂದು ಗಮನಿಸಿ. ಹತ್ತಿದರೆ ನಿಮ್ಮ ಕಾರಿಗೆ ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಗೆಯ ಪೇಂಟ್ ಇರಬೇಕು, ಇಲ್ಲವೇ ಆ ಪದರವೇ ಸವೆದುಹೋಗಿರಬೇಕು. ಎರಡನೆಯದಾದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಬಾಗಿಲ ಮೇಲಿನ ಎರಡು ಗೀರು. ಇಲ್ಲಿ ಆಸೆ ಕಡಿಮೆ ಇಟ್ಟುಕೊಳ್ಳುವುದು ಲೇಸು. ಹೊಲದಲ್ಲಿ ತಗ್ಗು ಬಿದ್ದರೆ ಮಣ್ಣು ತಂದು ತುಂಬುತ್ತೇವೆ. ಪಾಲಿಶ್‌ನಲ್ಲಿ ತುಂಬಲು ಮಣ್ಣಿಲ್ಲ, ಸುತ್ತಲಿನ ಮಟ್ಟವನ್ನೇ ತಗ್ಗಿನ ತಳಕ್ಕೆ ಇಳಿಸಬೇಕು. ಇರುವುದೇ 40-50 ಮೈಕ್ರಾನ್ ಆದಾಗ ಉಗುರಿಗೆ ಸಿಗುವ ಗೀರಿನ ತಳದವರೆಗೆ ಇಳಿಸಿದರೆ ಮೇಲ್ಪದರದಲ್ಲಿ ಉಳಿಯುವುದು ಬಹಳ ಕಡಿಮೆ. ಪೇಂಟಿಂಗ್ ಗ್ಯಾರೇಜಿನವರು 2000, 3000 ನಂಬರಿನ ವಾಟರ್ ಪೇಪರ್ ಹಾಕಿ ಆಮೇಲೆ ಮಶಿನ್ ಬಫಿಂಗ್ ಮಾಡುವುದುಂಟು. ಅನುಭವಿ ಕೈಗೆ ಅದು ಸಾಧ್ಯ. ಮೊದಲ ಸಲ ಮಾಡುವವರು ಅದಕ್ಕೆ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಬಾಗಿಲಿನ ಅಂಚು, ಮಡಿಕೆಗಳ ಮೇಲೆ ಪದರ ತೆಳು ಇರುತ್ತದೆ, ಕ್ಷಣದಲ್ಲಿ ಬಣ್ಣ ಹಾರಿಹೋಗುತ್ತದೆ. ಗ್ಯಾರೇಜಿಗೆ ಕೊಡುವುದಾದರೆ ಪೇಂಟಿನ ದಪ್ಪ ಅಳೆಯುವ ಮೀಟರ್ ಇದೆಯೇ, ಬಫಿಂಗ್ ಮಶಿನ್ ಡ್ಯುಯಲ್ ಆಕ್ಷನ್ ಬಗೆಯದೇ ಎಂದು ಕೇಳಿ. ಒಂದೇ ಸುತ್ತಿಗೆ ತಿರುಗುವ ರೋಟರಿ ಮಶಿನ್ ಒರಟು ಕೈಗೆ ಸಿಕ್ಕರೆ ಹೊಸ ಗೀರುಗಳನ್ನೇ ಬಿಡುತ್ತದೆ.

ಗೀರಿನ ಒಳಗೆ ಬೂದು ಪ್ರೈಮರ್ ಅಥವಾ ತಗಡು ಕಂಡರೆ ಮಾತ್ರ ತಡಮಾಡಬೇಡಿ, ಮಳೆ ಹೆಚ್ಚಿರುವ ಕಿತ್ತೂರಿನ ಕಡೆಯವರಂತೂ ಮುಂಗಾರಿಗೆ ಮೊದಲೇ ನೋಡಿಕೊಳ್ಳಬೇಕು. ಕಾರಿನ ಕಲರ್ ಕೋಡ್ ನೋಡಿ ಟಚ್‌ಅಪ್ ಪೇಂಟ್ ತಂದು, ಸಣ್ಣ ಕಡ್ಡಿಯ ತುದಿಯಿಂದ ಗೀರಿನೊಳಗಷ್ಟೇ ತೆಳುವಾಗಿ ಎರಡು ಮೂರು ಸಲ ತುಂಬಿ, ಒಂದೊಂದನ್ನೂ ಆರಲು ಬಿಡಿ. ಹತ್ತಿರ ಬಂದು ನೋಡಿದರೆ ಕಾಣುತ್ತದೆ, ಆದರೆ ತುಕ್ಕು ಹಿಡಿಯುವುದಿಲ್ಲ. ಪ್ರೈಮರ್ ಕಾಣದಿದ್ದರೆ ಆ ಎರಡು ಗೀರನ್ನು ಪಾಲಿಶ್‌ನಿಂದ ಅಂಚು ಮೊಂಡಾಗುವಷ್ಟು ಉಜ್ಜಿ ಬಿಟ್ಟುಬಿಡಿ. ಹೀಗೆ ಕಾಂಪೌಂಡ್ ಹಾಕುವುದನ್ನು ಪ್ರತಿ ದಸರೆಯ ಪದ್ಧತಿ ಮಾಡಿಕೊಳ್ಳಬೇಡಿ. ಸವೆದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲ.

ತಮ್ಮನ ಕಾರಿನ ಭಂಡಾರಕ್ಕೆ, ಅಂದರೆ ಅರಿಶಿನದ ಪುಡಿಗೆ, ಉಜ್ಜುವುದು ಬೇಕೇ ಇಲ್ಲ. ಒಣ ಬಟ್ಟೆಯಿಂದ ಒರೆಸಿದರೆ ಗುಡ್ಡದ ದೂಳೂ ಸೇರಿ ಅಲ್ಲೂ ಗೀರು ಬೀಳುತ್ತದೆ. ನೀರು ಹಾಕಿ ಪುಡಿ ತೊಳೆದುಬಿಡಿ. ಬಟ್ಟೆ ಒಗೆಯುವ ಸೋಪಿನಪುಡಿ ಬಳಸಿದರೆ ಕಲೆ ಕೆಂಪಗಾಗುತ್ತದೆ. ಅರಿಶಿನಕ್ಕೆ ಕ್ಷಾರ ತಗುಲಿದರೆ ಹಾಗೇ, ಪೇಂಟ್ ಕೆಟ್ಟಿತೆಂದು ಗಾಬರಿಯಾಗಬೇಡಿ. ಉಳಿದ ಹಳದಿಯನ್ನು ಮೇಲೆ ಹೇಳಿದ ಆಲ್ಕೊಹಾಲ್ ನೀರಿನಿಂದ ಮೆಲ್ಲಗೆ ಒರೆಸಿ. ಆಗಲೂ ಛಾಯೆ ಉಳಿದರೆ ಕಾರನ್ನು ಕೆಲವು ದಿನ ಬಿಸಿಲಿನಲ್ಲಿ ನಿಲ್ಲಿಸಿ, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ.