ಮಾಂಸಕ್ಕೆ ಹೊಗೆ ಕೊಡಲು ತಕ್ಕ ಕಟ್ಟಿಗೆ ಯಾವುದು?

ಕೊಡಗಿನ ಅನೇಕ ಮನೆಗಳಲ್ಲಿ ಹಂದಿಮಾಂಸಕ್ಕೆ ಉಪ್ಪು ಸವರಿ, ಒಲೆಯ ಮೇಲ್ಗಡೆ ತೂಗುಹಾಕಿ, ಹೊಗೆಯಲ್ಲಿ ಒಣಗಿಸಿ ಮಳೆಗಾಲಕ್ಕೆ ಕಾದಿಡುವ ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿದೆ. ಹೀಗೆ ಒಣಗಿಸಿದ ಮಾಂಸದ ಬಣ್ಣ, ರುಚಿ ಮತ್ತು ಬಾಳಿಕೆ ಉರಿಸುವ ಕಟ್ಟಿಗೆಯನ್ನೂ ಅವಲಂಬಿಸಿವೆ. ಆದರೂ ಕಟ್ಟಿಗೆಯ ಆಯ್ಕೆಯ ಕಡೆಗೆ ನಮ್ಮ ಗಮನ ಕಡಿಮೆ.

ಕೆಲವು ವರ್ಷಗಳ ಹಿಂದೆ ರೈತರ ತರಬೇತಿಯೊಂದರಲ್ಲಿ ಅರೇಬಿಕ ಬೆಳೆಗಾರರೊಬ್ಬರು ಕೇಳಿದರು: "ಕಾಂಡಕೊರಕ ಹತ್ತಿ ಕಿತ್ತ ಕಾಫಿ ಗಿಡಗಳು ಮನೆ ಹಿಂದೆ ಒಂದು ಗಾಡಿಯಷ್ಟು ಬಿದ್ದಿವೆ. ಅದನ್ನೇ ಮಾಂಸದ ಹೊಗೆಗೆ ಹಾಕುತ್ತೇವೆ. ಕಾಫಿ ಕಟ್ಟಿಗೆ ಒಳ್ಳೆಯದು ತಾನೇ ಸಾರ್?" ಕಾಫಿ ಕಟ್ಟಿಗೆ ಒಳ್ಳೆಯದೇ, ಆದರೆ ಆ ರಾಶಿ ಒಳ್ಳೆಯದಲ್ಲ ಎಂದು ಉತ್ತರಿಸಬೇಕಾಯಿತು. ಅದರ ಕಾರಣಗಳನ್ನು ಇಲ್ಲಿ ವಿವರಿಸಲಾಗಿದೆ.

ಹೊಗೆಯಲ್ಲಿ ಏನಿದೆ?

ಮರದಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಮೂರು ಮುಖ್ಯ ವಸ್ತುಗಳಿವೆ. ಮೊದಲಿನ ಎರಡು ಕಾದು ಒಡೆದಾಗ ಹುಟ್ಟುವ ಆಮ್ಲಗಳು ಮಾಂಸದ ಮೇಲ್ಪದರವನ್ನು ಗಟ್ಟಿಮಾಡುತ್ತವೆ. ಕಾರ್ಬೊನಿಲ್ ವಸ್ತುಗಳು ಕಂದು ಬಣ್ಣ ಕೊಡುತ್ತವೆ. ಲಿಗ್ನಿನ್ನಿನಿಂದ ಬರುವ ಫಿನಾಲುಗಳು ವಾಸನೆ ಹಾಗೂ ರುಚಿ ಕೊಡುವುದಲ್ಲದೆ, ಕೊಬ್ಬು ಕಮಟುವುದನ್ನು ಮತ್ತು ಮೇಲ್ಮೈಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದನ್ನು ತಡೆಯುತ್ತವೆ.

ಪೈನ್ ಜಾತಿಯ ಮರಗಳಲ್ಲಿ ರಾಳ ಹೆಚ್ಚು. ಅವುಗಳ ಹೊಗೆ ಮಸಿ ಕಟ್ಟಿ ಮಾಂಸವನ್ನು ಕಹಿ ಮಾಡುತ್ತದೆ. ಆದ್ದರಿಂದಲೇ ಯುರೋಪಿನಲ್ಲಿ ಬೀಚ್ ಮತ್ತು ಓಕ್, ಅಮೆರಿಕದಲ್ಲಿ ಹಿಕರಿ ಮೊದಲಾದ ಅಗಲ ಎಲೆಯ ಮರಗಳನ್ನೇ ಹೆಚ್ಚಾಗಿ ಬಳಸುತ್ತಾರೆ. ನಮ್ಮ ತೋಟಗಳ ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಬೇರೆಯೇ ಕುಟುಂಬದ ಮರ. ಓಕ್ ಮರದ ಗುಣಗಳನ್ನು ಅದರಿಂದ ನಿರೀಕ್ಷಿಸಬಾರದು.

ಸೂಕ್ತವಾದ ಮರಗಳು

1. ಕಾಫಿ: ಗಟ್ಟಿಯಾದ, ಒತ್ತಾದ ಕಟ್ಟಿಗೆ. ನಿಧಾನವಾಗಿ ಉರಿದು ಒಳ್ಳೆಯ ಕೆಂಡ ಬೀಳುತ್ತದೆ. ಮುಂದೆ ಹೇಳುವ ಎಚ್ಚರಿಕೆ ಅಗತ್ಯ.

2. ಸೀಬೆ ಮತ್ತು ಮಾವು: ಹಿತವಾದ ಹೊಗೆ. ಮಾವಿನ ಹಸಿ ಸೊನೆ ಚರ್ಮಕ್ಕೆ ತುರಿಕೆ ತರುವುದರಿಂದ ಚೆನ್ನಾಗಿ ಒಣಗಿಸಿದ ಕಟ್ಟಿಗೆಯನ್ನೇ ಬಳಸಬೇಕು.

3. ಹುಣಸೆ: ಬಹಳ ಗಟ್ಟಿ, ಕಾವು ಹೆಚ್ಚು. ಕೆಂಡಕ್ಕೆ ಉತ್ತಮ.

4. ಬಳ್ಳಾರಿ ಜಾಲಿ: ಬಯಲುಸೀಮೆಯ ರೈತರಿಗೆ ಸುಲಭವಾಗಿ ದೊರೆಯುವಂಥದು. ಅಮೆರಿಕದ ಟೆಕ್ಸಾಸ್ ಕಡೆ ಮಾಂಸಕ್ಕೆ ಬಳಸುವ ಮೆಸ್ಕೀಟ್ ಇದರ ಹತ್ತಿರದ ಸಂಬಂಧಿ. ಹೊಗೆ ಖಾರವಾದ್ದರಿಂದ ಸ್ವಲ್ಪವೇ ಸಾಕು.

ಬಳಸಬಾರದ ಕಟ್ಟಿಗೆ

ಕಣಗಿಲೆಯ ಎಲ್ಲ ಭಾಗಗಳೂ ವಿಷ. ಅದನ್ನು ಒಲೆಗೇ ಹಾಕಬಾರದು. ಹೊಳಗೇರು ಮತ್ತು ಕಾಡುಗೇರು ಮರಗಳ ಸೊನೆ ಮೈಮೇಲೆ ಬೊಬ್ಬೆ ಎಬ್ಬಿಸುತ್ತದೆ, ಅವೂ ಬೇಡ. ಸಾಮಾನು ಬರುವ ಪೆಟ್ಟಿಗೆಗಳ ಹಲಗೆ ಸಾಮಾನ್ಯವಾಗಿ ಪೈನ್ ಮರದ್ದು. ಬಣ್ಣ ಅಥವಾ ವಾರ್ನಿಷ್ ಬಳಿದ ಮರ, ಪ್ಲೈವುಡ್, ಔಷಧಿ ಹಾಕಿದ ಬೇಲಿ ಕಂಬ, ಯಾವ ಮರದ್ದೆಂದು ತಿಳಿಯದ ಸಾಮಿಲ್ಲಿನ ಹೊಟ್ಟು, ಬೂಸ್ಟು ಹಿಡಿದ ಕಟ್ಟಿಗೆ, ಇವು ಯಾವುವೂ ಮಾಂಸದ ಹೊಗೆಗೆ ಯೋಗ್ಯವಲ್ಲ.

ಕಾಫಿ ಕಟ್ಟಿಗೆಯ ವಿಷಯದಲ್ಲಿ ಎಚ್ಚರಿಕೆ

ಬಿಳಿ ಕಾಂಡಕೊರಕವು ಮುಖ್ಯವಾಗಿ ಅರೇಬಿಕ ಗಿಡದ ಶತ್ರು. ಇದರ ಹತೋಟಿಗೆ ಬೆಳೆಗಾರರು ಕಾಂಡಕ್ಕೆ ಕೀಟನಾಶಕ ಬಳಿಯುತ್ತ ಬಂದಿದ್ದಾರೆ. ಹಿಂದೆ ಬಿ.ಎಚ್.ಸಿ. ಮತ್ತು ಲಿಂಡೇನ್, ಅನಂತರ ಕ್ಲೋರ್‌ಪೈರಿಫಾಸ್ ಬಳಕೆಗೆ ಬಂದವು. ಲಿಂಡೇನ್ ಬಳಕೆ ನಮ್ಮ ದೇಶದಲ್ಲಿ ಈಗ ನಿಷೇಧಿತವಾಗಿದೆ. ಔಷಧಿ ಬಳಿದ ಕಾಂಡವನ್ನು ಹೊಗೆಗೆ ಹಾಕಿದರೆ, ಗಿಡಕ್ಕೆಂದು ಕೊಟ್ಟ ವಿಷದ ಅಂಶ ಮಾಂಸಕ್ಕೂ ಅಡುಗೆಮನೆಯಲ್ಲಿ ಕೆಲಸ ಮಾಡುವವರ ಉಸಿರಿಗೂ ಸೇರುವ ಅಪಾಯವಿದೆ. ತೊಳೆದರೆ ಅಥವಾ ಬಿಸಿಲಿಗಿಟ್ಟರೆ ಹೋಗುತ್ತದೆಂದು ನಂಬಬಾರದು.

ಇನ್ನೊಂದು ಹಾನಿಯೂ ಉಂಟು. ಕಿತ್ತ ಗಿಡಗಳನ್ನು ಕಟ್ಟಿಗೆಗೆಂದು ಕೂಡಿಟ್ಟರೆ ಒಳಗಿರುವ ಮರಿಹುಳುಗಳು ಬೆಳೆದು, ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಅವಧಿಗಳಲ್ಲಿ ದುಂಬಿಗಳಾಗಿ ಹೊರಬಂದು ಪಕ್ಕದ ಗಿಡಗಳಿಗೆ ಮೊಟ್ಟೆ ಇಡುತ್ತವೆ. ಕೊರಕ ಹತ್ತಿದ ಗಿಡಗಳನ್ನು ಈ ಅವಧಿಗಳಿಗೆ ಮೊದಲೇ ಕಿತ್ತು, ಮನೆಯಿಂದ ದೂರದಲ್ಲಿ ಸುಟ್ಟುಬಿಡತಕ್ಕದ್ದು.

ಆದ್ದರಿಂದ ಹೊಗೆಗೆ ಕಾಫಿ ಕಟ್ಟಿಗೆಯೇ ಬೇಕೆಂದರೆ, ಕುಯ್ಲಿನ ನಂತರ ಸವರುವ ರೋಬಸ್ಟದ ದಪ್ಪ ಕೊಂಬೆಗಳನ್ನು ಆರಿಸಿಕೊಳ್ಳಿ. ಅವಕ್ಕೂ ಔಷಧಿ ಹೊಡೆದಿಲ್ಲವೆಂದು ಖಚಿತವಾಗಿರಬೇಕು. ಮೇಲೆ ಮೈಲುತುತ್ತದ ದ್ರಾವಣದ ಕಲೆ ಇರುವ ಸಾಧ್ಯತೆಯಿಂದ ತೊಗಟೆಯನ್ನು ಪೂರ್ತಿ ಸುಲಿಯಿರಿ. ಇಂಥ ಕಟ್ಟಿಗೆಯನ್ನು ಬೇರೆಯಾಗಿಯೇ ಒಟ್ಟಿಡಿ. ಸೌದೆ ರಾಶಿಗೆ ಬೆರೆತ ಮೇಲೆ ಗುರುತು ಹಿಡಿಯುವುದು ಯಾರಿಂದಲೂ ಆಗದು.

ಒಣಗಿಸುವ ಕ್ರಮ

ಹಸಿ ಕಟ್ಟಿಗೆಯ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಕಳೆದು, ದಟ್ಟವಾದ ಕಹಿ ಹೊಗೆ ಬರುತ್ತದೆ. ತೇವಾಂಶ ಸುಮಾರು ಶೇಕಡಾ 20ಕ್ಕೆ ಇಳಿದಿರಬೇಕು. ಕೊಂಬೆಗಳನ್ನು ಒಂದು ಅಡಿ ಉದ್ದಕ್ಕೆ ಕಡಿದು, ದಪ್ಪವಿದ್ದರೆ ಸೀಳಿ, ನೆಲಕ್ಕೆ ತಾಗದಂತೆ ಮಾಡಿನಡಿ ಗಾಳಿಯಾಡುವಂತೆ ಒಟ್ಟಬೇಕು. ಒಂದು ತುಂಡಿಗೆ ಗುರುತು ಮಾಡಿ 15 ದಿನಕ್ಕೊಮ್ಮೆ ತೂಗಿರಿ. ಎರಡು ಸಲ ತೂಕ ಒಂದೇ ಬಂದರೆ ಒಣಗಿದೆಯೆಂದು ತಿಳಿಯಬಹುದು. ತುದಿಯಲ್ಲಿ ಬಿರುಕು ಬಿಡುವುದು, ಎರಡು ತುಂಡುಗಳನ್ನು ಬಡಿದಾಗ ಠಣ್ ಎನ್ನುವುದು ಇತರ ಗುರುತುಗಳು.

ಹೊಗೆ ಕೊಡುವಾಗ

ಮೊದಲು ಕೆಂಡ ಮಾಡಿಕೊಂಡು, ಅನಂತರ ಸ್ವಲ್ಪಸ್ವಲ್ಪವೇ ಕಟ್ಟಿಗೆ ಇಟ್ಟು, ಜ್ವಾಲೆ ಏಳದೆ ನಿಧಾನವಾಗಿ ಹೊಗೆಯಾಡುವಂತೆ ನೋಡಿಕೊಳ್ಳಬೇಕು. ಉರಿ ಜೋರಾದಷ್ಟೂ, ಕೊಬ್ಬು ಬೆಂಕಿಗೆ ತೊಟ್ಟಿಕ್ಕಿದಷ್ಟೂ ಬೆಂಜೊಪೈರೀನ್‌ನಂತಹ ಕ್ಯಾನ್ಸರ್‌ಕಾರಕ ವಸ್ತುಗಳು ಹೆಚ್ಚುತ್ತವೆ. ಆದುದರಿಂದ ಮಾಂಸವನ್ನು ಬೆಂಕಿಯ ನೇರಕ್ಕೆ ತೂಗುಹಾಕದೆ ಸ್ವಲ್ಪ ಪಕ್ಕಕ್ಕೆ ಹಾಕುವುದು ಮೇಲು. ತೆಳುವಾದ ಹೊಗೆ ಒಳ್ಳೆಯದು. ಕಪ್ಪು ಹೊಗೆ ಕಂಡರೆ ಗಾಳಿ ಬಿಡಿ. ಸಾಧ್ಯವಾದರೆ ಅಡುಗೆಮನೆಯ ಹೊರಗೆ ಪ್ರತ್ಯೇಕ ಚಪ್ಪರ ಮಾಡಿಕೊಂಡರೆ ಹೆಂಗಸರಿಗೂ ಮಕ್ಕಳಿಗೂ ಹೊಗೆಯ ಕಾಟ ತಪ್ಪುತ್ತದೆ.

ಹೊಗೆಯೊಂದೇ ಮಾಂಸವನ್ನು ಕೆಡದಂತೆ ಕಾಯಲಾರದು. ಕೊಬ್ಬು ತೆಗೆದು, ಬೆರಳು ದಪ್ಪದ ಪಟ್ಟಿಗಳಾಗಿ ಕೊಯ್ದು, ಕಿಲೋ ಮಾಂಸಕ್ಕೆ 60ರಿಂದ 80 ಗ್ರಾಂ ಉಪ್ಪು ಹಚ್ಚಿ, ತಂಪಾದ ಸ್ಥಳದಲ್ಲಿ ಒಂದು ರಾತ್ರಿ ಇಟ್ಟು, ತೂಕ ಅರ್ಧಕ್ಕೆ ಇಳಿಯುವವರೆಗೆ ಒಣಗಿಸಬೇಕು. ಹಂದಿಮಾಂಸದಲ್ಲಿ ಅಕ್ಕಿಕಾಳಿನಂತಹ ಬಿಳಿ ಗುಳ್ಳೆಗಳು ಕಂಡರೆ ಅದು ಲಾಡಿಹುಳುವಿನ ಮರಿ. ಅಂಥ ಮಾಂಸವನ್ನು ಬಳಸಲೇಬಾರದು. ಇದು ಹೊಗೆಯಿಂದ ಸಾಯುತ್ತದೆಂದು ಭಾವಿಸಬಾರದು. ಹೊಗೆ ಹಾಕಿದ ಮಾಂಸವನ್ನೂ ತಿನ್ನುವ ಮುನ್ನ ಪೂರ್ಣವಾಗಿ ಬೇಯಿಸಬೇಕು. ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ವರ್ಗೀಕರಿಸಿರುವುದರಿಂದ, ಇದು ಆಗೊಮ್ಮೆ ಈಗೊಮ್ಮೆ ಸವಿಯುವ ಪದಾರ್ಥವಾಗಿರಲಿ.

ಒಟ್ಟಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಇದು ಯಾವ ಮರ? ಚೆನ್ನಾಗಿ ಒಣಗಿದೆಯೇ? ಇದಕ್ಕೆ ಏನು ಬಳಿದಿದ್ದರು? ಮೂರನೆಯ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಎಷ್ಟೇ ಒಳ್ಳೆಯ ಕಟ್ಟಿಗೆಯಾದರೂ ಅದನ್ನು ಮಾಂಸದ ಹತ್ತಿರ ತರಬೇಡಿ.