ಒಂದೇ ಪದ, ಎರಡು ಅರ್ಥ: ಗಡಿನಾಡಿನ ತರಗತಿಯಲ್ಲಿ ರೇಖಾಗಣಿತದ ಪರಿಭಾಷೆ

ಕೆಲವು ವರ್ಷಗಳ ಹಿಂದೆ ಸೊಲ್ಲಾಪುರ ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದಕ್ಕೆ ಪಾಠವೀಕ್ಷಣೆಗಾಗಿ ಹೋಗಿದ್ದೆ. ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಸರಳರೇಖೆಯ ಮೇಲೆ ಒಂದು ಕಿರಣವನ್ನು ನಿಲ್ಲಿಸಿ, ಎರಡು ಬದಿಯ ಕೋನಗಳಿಗೆ 110° ಮತ್ತು 70° ಎಂದು ಅಳತೆ ಬರೆದು, ಕೆಳಗೆ ‘ಇವು ಪೂರಕ ಕೋನಗಳು’ ಎಂದು ಉತ್ತರಿಸಿದ್ದಳು. ಶಿಕ್ಷಕರು ಕೆಂಪು ಶಾಯಿಯಲ್ಲಿ ತಪ್ಪು ಗುರುತು ಹಾಕಿದ್ದರು. ಪೂರಕ ಕೋನಗಳ ಮೊತ್ತ 90° ತಾನೆ? ನಾನೂ ಕರ್ನಾಟಕದಲ್ಲಿ ಕಲಿತವನು. ಶಿಕ್ಷಕರದೇ ಸರಿ ಎಂದು ತಲೆಯಾಡಿಸಿದೆ. ಮಧ್ಯಾಹ್ನದ ಬಿಡುವಿನಲ್ಲಿ ಆ ಹುಡುಗಿ ತನ್ನ ಹಳೆಯ ಪುಸ್ತಕವನ್ನು ತಂದು ತೋರಿಸಿದಳು. ಏಳನೆಯ ತರಗತಿಯವರೆಗೆ ಅವಳು ಓದಿದ್ದು ಮರಾಠಿ ಮಾಧ್ಯಮದಲ್ಲಿ. ಮರಾಠಿಯಲ್ಲಿ ‘ಪೂರಕ ಕೋನ’ವೆಂದರೆ ಮೊತ್ತ 180° ಆಗುವ ಜೋಡಿ, 90° ಆಗುವ ಜೋಡಿಗೆ ಅಲ್ಲಿ ‘ಕೋಟಿಕೋನ’ ಎಂದು ಹೆಸರು. ಅವಳು ಪರಿಕಲ್ಪನೆಯಲ್ಲಿ ಕಿಂಚಿತ್ತೂ ತಪ್ಪಿರಲಿಲ್ಲ. ಆಮೇಲೆ ಆ ಹುಡುಗಿ ರೇಖಾಗಣಿತದ ಪಾಠದಲ್ಲಿ ಕೈ ಎತ್ತುವುದನ್ನೇ ಬಿಟ್ಟಳೆಂದು ಅದೇ ಶಿಕ್ಷಕರು ಮುಂದಿನ ತರಬೇತಿಯಲ್ಲಿ ತಿಳಿಸಿದರು. ಈ ಲೇಖನಕ್ಕೆ ಆ ಮಾತೇ ಕಾರಣ.

ಗಡಿನಾಡಿನ ನಮ್ಮ ಮಕ್ಕಳು ಒಂದೇ ಆಕೃತಿಯನ್ನು ಎರಡು, ಕೆಲವೊಮ್ಮೆ ಮೂರು ಭಾಷೆಗಳಲ್ಲಿ ಹೆಸರಿಸಬೇಕಾದವರು. ಪದಗಳು ಪೂರ್ತಿ ಬೇರೆಯಾಗಿದ್ದರೆ ತೊಡಕಿಲ್ಲ. ನಮ್ಮ ಸ್ಪರ್ಶಕವನ್ನು ತಾಳವಾಡಿಯ ಮಗು ನೆರೆಯ ತಮಿಳು ಶಾಲೆಯ ಗೆಳೆಯನ ಬಾಯಲ್ಲಿ ‘ತೊಡುಕೋಡು’ ಎಂದು ಕೇಳಿದರೆ ಅದು ಹೊಸ ಪದವೆಂದು ತಿಳಿದು ಬೇರೆಯಾಗಿಯೇ ನೆನಪಿಡುತ್ತದೆ. ಮೋಸ ಮಾಡುವುದು ಎರಡೂ ಕಡೆ ಒಂದೇ ಉಚ್ಚಾರವಿದ್ದು ಅರ್ಥ ಮಾತ್ರ ಜಾರಿರುವ ಸಂಸ್ಕೃತ ಪದ.

ಇವುಗಳಲ್ಲಿ ಹೆಚ್ಚು ಗೊಂದಲ ತರುವ ಜೋಡಿ ಕರ್ಣ ಮತ್ತು ವಿಕರ್ಣ. ಕರ್ನಾಟಕದ ಪಠ್ಯಪುಸ್ತಕಗಳ ರೂಢಿಯಲ್ಲಿ ಲಂಬಕೋನ ತ್ರಿಭುಜದಲ್ಲಿ ಲಂಬಕೋನಕ್ಕೆ ಅಭಿಮುಖವಾದ ಬಾಹು ‘ವಿಕರ್ಣ’. ಚತುರ್ಭುಜದ ಅಭಿಮುಖ ಶೃಂಗಗಳನ್ನು ಸೇರಿಸುವ ರೇಖಾಖಂಡ ‘ಕರ್ಣ’. ಹಿಂದಿ ಮತ್ತು ಮಲಯಾಳಗಳಲ್ಲಿ ಇದು ನೇರವಾಗಿ ತಿರುವುಮುರುವು: ಅಲ್ಲಿ ತ್ರಿಭುಜದ್ದು ಕರ್ಣ, ಚತುರ್ಭುಜದ್ದು ವಿಕರ್ಣ. ಮರಾಠಿ ಮತ್ತು ತೆಲುಗಿನಲ್ಲಿ ಎರಡಕ್ಕೂ ಕರ್ಣವೆಂದೇ ಹೆಸರು. ತಮಿಳು ತ್ರಿಭುಜದ್ದನ್ನು ಕರ್ಣವೆಂದು ಕರೆದು, ಚತುರ್ಭುಜದ್ದಕ್ಕೆ ‘ಮೂಲೈವಿಟ್ಟಂ’ ಎಂಬ ತನ್ನದೇ ಪದವನ್ನು ಇಟ್ಟುಕೊಂಡಿದೆ. ಹೀಗಿರುವಾಗ ಮಡಕಶಿರಾದ ಹುಡುಗನೊಬ್ಬ ಪೈಥಾಗೊರಸನ ಪ್ರಮೇಯವನ್ನು ‘ಕರ್ಣದ ಮೇಲಿನ ವರ್ಗ’ ಎಂದು ಆರಂಭಿಸಿದರೆ ಅವನು ಪ್ರಮೇಯವನ್ನು ಅರಿಯದವನೆಂದು ತೀರ್ಮಾನಿಸುವುದು ಅನ್ಯಾಯ. ಹಳೆಯ ಪರಂಪರೆಯನ್ನು ನೋಡಿದರೆ ಸಾಕ್ಷ್ಯವೂ ಅವನ ಕಡೆಗೇ ಇದೆ. ಭಾಸ್ಕರಾಚಾರ್ಯರ 1150ರ ‘ಲೀಲಾವತಿ’ಯಲ್ಲಿ ಲಂಬಕೋನ ತ್ರಿಭುಜದ ಮೂರು ಬಾಹುಗಳ ಹೆಸರು ಭುಜ, ಕೋಟಿ, ಕರ್ಣ. ಚತುರ್ಭುಜದ ಮೂಲೆಯಿಂದ ಮೂಲೆಗೆ ಹಾಯುವ ರೇಖೆಯನ್ನೂ ಸಂಸ್ಕೃತದ ಗಣಿತಗ್ರಂಥಗಳು ಕರ್ಣವೆಂದೇ ಕರೆದವು. ಮರಾಠಿಯ ‘ಕೋಟಿಕೋನ’ದಲ್ಲಿ ಉಳಿದಿರುವುದೂ ಈ ಕೋಟಿಯೇ ಹೊರತು ನೂರು ಲಕ್ಷದ ಕೋಟಿಯಲ್ಲ.

ಹಾಗೆಂದು ಕನ್ನಡದ ರೂಢಿಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಎರಡು ಪರಿಕಲ್ಪನೆಗಳಿಗೆ ಎರಡು ಹೆಸರಿರುವುದು ಬೋಧನೆಗೆ ಅನುಕೂಲವೇ. ಆದರೆ ಈ ಭೇದವನ್ನು ವಾಕ್ಯದಿಂದಲ್ಲ, ಚಿತ್ರದಿಂದ ಕಲಿಸಬೇಕು. ಕಪ್ಪುಹಲಗೆಯ ಮೇಲೆ ಎಬಿಸಿಡಿ ಎಂಬ ಆಯತವನ್ನು ಎಳೆಯಿರಿ. ಎಬಿ 4 ಸೆಂ.ಮೀ., ಬಿಸಿ 3 ಸೆಂ.ಮೀ. ಇರಲಿ. ಎಸಿಯನ್ನು ಸೇರಿಸಿ. ‘ಇದು ಆಯತದ ಏನು?’ ಎಂದರೆ ಕರ್ಣ. ಈಗ ತ್ರಿಭುಜ ಎಡಿಸಿಯನ್ನು ಅಂಗೈಯಿಂದ ಮರೆಮಾಡಿ, ಉಳಿದ ಎಬಿಸಿಯನ್ನು ಮಾತ್ರ ತೋರಿಸಿ ಅದೇ ಪ್ರಶ್ನೆ ಕೇಳಿ. ಈಗ ಅದು ವಿಕರ್ಣ, ಅದರ ಉದ್ದ 5 ಸೆಂ.ಮೀ. ಗೆರೆ ಕದಲಲಿಲ್ಲ, ಉದ್ದ ಬದಲಾಗಲಿಲ್ಲ. ನಾವು ನೋಡುತ್ತಿರುವ ಆಕೃತಿ ಬದಲಾದುದರಿಂದ ಹೆಸರು ಬದಲಾಯಿತು. ಮರಾಠಿ, ತೆಲುಗುಗಳು ಒಂದೇ ಹೆಸರಿನಲ್ಲಿ ಹೇಗೆ ನಿಭಾಯಿಸುತ್ತವೆ ಎಂಬುದೂ ಮಕ್ಕಳಿಗೆ ಆಗ ತಾನಾಗಿ ತಿಳಿಯುತ್ತದೆ.

ಆದರೆ ಇಲ್ಲಿಗೇ ನಿಲ್ಲಿಸಿದರೆ ಕರ್ಣವೆಲ್ಲ ವಿಕರ್ಣವೇ ಎಂಬ ಹೊಸ ತಪ್ಪು ಹುಟ್ಟುತ್ತದೆ. ಅದಕ್ಕೆ ಮದ್ದು ವಜ್ರಾಕೃತಿ. 6 ಸೆಂ.ಮೀ. ಮತ್ತು 8 ಸೆಂ.ಮೀ. ಕರ್ಣಗಳುಳ್ಳ ವಜ್ರಾಕೃತಿಯನ್ನು ಕೊಟ್ಟು ಬಾಹುವಿನ ಉದ್ದವನ್ನು ಕೇಳಿ. ಕರ್ಣಗಳು ಪರಸ್ಪರ ಲಂಬವಾಗಿ ಅರ್ಧಿಸುವುದರಿಂದ ಒಳಗೆ ನಾಲ್ಕು ಲಂಬಕೋನ ತ್ರಿಭುಜಗಳು ಉಂಟಾಗುತ್ತವೆ. ಅವುಗಳ ಚಿಕ್ಕ ಬಾಹುಗಳು 3 ಮತ್ತು 4. ಇಲ್ಲಿ ವಿಕರ್ಣವಾಗಿ ನಿಲ್ಲುವುದು ಕರ್ಣವಲ್ಲ, ವಜ್ರಾಕೃತಿಯ ಬಾಹು, ಅದು 5 ಸೆಂ.ಮೀ. ಈ ಒಂದು ಲೆಕ್ಕವನ್ನು ಅರಿತು ಮಾಡಿದ ಮಗು ಎರಡು ಪದಗಳನ್ನು ಮತ್ತೆ ಅದಲುಬದಲು ಮಾಡುವುದು ಅಪರೂಪ. ವ್ಯಾಖ್ಯೆಯನ್ನು ಹತ್ತು ಸಲ ಬರೆಯಿಸಿದವರ ತರಗತಿಯಲ್ಲಿ ಅದು ನಡೆದೇ ಇರುತ್ತದೆ.

ಇತರ ಪದಗಳನ್ನು ಬೇಗ ಮುಗಿಸೋಣ. ಕಾಸರಗೋಡಿನವರು ‘ಚತುರಂ’ ಎಂಬ ಮಲಯಾಳ ಪದದ ಬಗ್ಗೆ ಎಚ್ಚರವಾಗಿರಬೇಕು: ಅದು ಆಯತ, ಚೌಕಕ್ಕೆ ಅಲ್ಲಿ ‘ಸಮಚತುರಂ’. ನಮ್ಮ ‘ಚದರ ಮೀಟರ್’ ಕಿವಿಯಲ್ಲಿರುವ ಮಗು ಅದನ್ನು ಚೌಕವೆಂದು ಭಾವಿಸುವುದು ಸಹಜ. ತಮಿಳಿನ ‘ಚದುರಂ’ ನಿಜವಾಗಿಯೂ ಚೌಕವೇ. ಮರಾಠಿಯ ‘ಚೌಕೋನ’ ನಮ್ಮ ಚೌಕವಲ್ಲ, ಯಾವುದೇ ಚತುರ್ಭುಜ. ಅವರ ಚೌಕ ‘ಚೌರಸ’. ತೆಲುಗಿನ ‘ಸಿದ್ಧಾಂತಂ’ ನಮ್ಮ ಪ್ರಮೇಯ. ಇನ್ನು ತೆಲುಗು, ತಮಿಳು ನೆರೆಯಲ್ಲಿರುವ ಮಕ್ಕಳು ‘ಕೋನ’ವನ್ನು ‘ಕೋಣ’ವೆಂದು ಬರೆದಾಗ ತರಗತಿಯೆಲ್ಲ ನಗುತ್ತದೆ. ನಗಲಿ, ತೊಂದರೆಯಿಲ್ಲ, ಆದರೆ ಸಂಸ್ಕೃತದ ಮೂಲರೂಪ ಣಕಾರದ್ದೇ ಎಂಬುದನ್ನು ಶಿಕ್ಷಕರು ಆ ಮಗುವಿನ ಪರವಾಗಿ ಹೇಳಿದರೆ ನಗು ಅವಮಾನವಾಗುವುದಿಲ್ಲ.

ಎಲ್ಲ ಭಾಷೆಗಳೂ ಒಂದೇ ಚಿತ್ರವನ್ನು ಹಿಡಿದಿರುವ ಪದವೂ ಉಂಟು. ವೃತ್ತದ ‘ಜ್ಯಾ’ ಎಂದರೆ ಬಿಲ್ಲಿನ ಹೆದೆ. ಮರಾಠಿಯ ‘ಜೀವಾ’, ತಮಿಳಿನ ‘ನಾಣ್’, ಮಲಯಾಳದ ‘ಞಾಣ್’ ಎಲ್ಲವೂ ಹೆದೆಯೇ. ತೆಲುಗು, ಮಲಯಾಳಗಳು ಕಂಸವನ್ನು ‘ಚಾಪ’ವೆಂದೂ ತಮಿಳು ‘ವಿಲ್’ ಎಂದೂ ಕರೆಯುತ್ತವೆ. ಎರಡಕ್ಕೂ ಬಿಲ್ಲು ಎಂದೇ ಅರ್ಥ. ಬಿದಿರಿನ ಸೀಳೊಂದನ್ನು ಬಾಗಿಸಿ ದಾರ ಕಟ್ಟಿ ತರಗತಿಗೆ ಒಯ್ಯಿರಿ. ಕಂಸವೆಂದೊಡನೆ ಶ್ರೀಕೃಷ್ಣನ ಸೋದರಮಾವನನ್ನು ನೆನೆಯುವ ಮಕ್ಕಳಿಗೆ ಈ ಬಿಲ್ಲು ಬಹಳ ಉಪಕಾರಿ.

ವ್ಯಾಖ್ಯೆಯ ವಿಷಯದಲ್ಲಿ ಇನ್ನೊಂದು ಮಾತು. ಬಿಂದು, ರೇಖೆ, ಸಮತಲ ಇವುಗಳಿಗೆ ಯೂಕ್ಲಿಡನು ಲಕ್ಷಣ ಹೇಳಲು ಯತ್ನಿಸಿದನು. ಆದರೆ 1899ರಲ್ಲಿ ಪ್ರಕಟವಾದ ಹಿಲ್ಬರ್ಟನ ಗ್ರಂಥವು ಅವುಗಳನ್ನು ವ್ಯಾಖ್ಯೆಯಿಲ್ಲದ ಪದಗಳಾಗಿಯೇ ಇರಿಸಿ, ಅವುಗಳ ನಡುವಣ ಸಂಬಂಧವನ್ನು ಸ್ವಯಂಸಿದ್ಧಗಳಿಂದ ನಿರ್ಧರಿಸಿತು. ಆದುದರಿಂದ ‘ಬಿಂದು ಎಂದರೇನು?’ ಎಂದು ಅಂಕಪ್ರಶ್ನೆ ಕೇಳುವ ಅಭ್ಯಾಸವನ್ನು ಕೈಬಿಡುವುದು ಲೇಸು. ರೇಖಾಖಂಡ, ಕಿರಣ, ಕೋನ ಮುಂತಾದವುಗಳ ವ್ಯಾಖ್ಯೆಯನ್ನು ಆ ಮೂರರ ಆಧಾರದಿಂದ ಮಕ್ಕಳೇ ಕಟ್ಟಬಲ್ಲರು. ಮೊದಲು ಆಕೃತಿ, ಅನಂತರ ಅವರ ಮಾತಿನಲ್ಲಿ ಅದರ ಲಕ್ಷಣ, ಕೊನೆಗೆ ಪಾರಿಭಾಷಿಕ ಪದ: ಈ ಕ್ರಮದಲ್ಲಿ ಕಲಿಸಿದ ತರಗತಿಯಲ್ಲಿ ಪದ ಜಾರಿದರೂ ಅರ್ಥ ಜಾರುವುದಿಲ್ಲ.

ಮೌಲ್ಯಮಾಪನಕ್ಕೆ ಬಂದರೆ, ಸಾರ್ವಜನಿಕ ಪರೀಕ್ಷೆಯಲ್ಲಿ ನಿಮ್ಮ ರಾಜ್ಯವು ಒದಗಿಸಿದ ಕನ್ನಡ ಪಠ್ಯಪುಸ್ತಕದ ಪದವೇ ಪ್ರಮಾಣ. ಅದು ಕರ್ನಾಟಕದ ಪುಸ್ತಕದ ಪದವೇ ಆಗಿರಬೇಕೆಂದಿಲ್ಲ. ನೀವು ಕಲಿತ ಪದವೆಂಬ ಕಾರಣಕ್ಕೆ ಅದನ್ನು ಹೇರಬೇಡಿ. ಜೂನ್ ತಿಂಗಳಲ್ಲಿಯೇ ಪುಸ್ತಕವನ್ನು ಆದ್ಯಂತ ಓದಿ, ಪೂರಕ, ಕರ್ಣ, ವಿಕರ್ಣಗಳು ಎಲ್ಲಿ ಯಾವ ಅರ್ಥದಲ್ಲಿ ಬಂದಿವೆ ಎಂದು ಗುರುತು ಮಾಡಿಕೊಳ್ಳಿ. ಶಾಲೆಯ ಕಿರುಪರೀಕ್ಷೆಗಳಲ್ಲಿ ಮಾತ್ರ ಚಿತ್ರವೂ ತರ್ಕವೂ ಸರಿಯಿದ್ದು ಪದ ನೆರೆಭಾಷೆಯದಾಗಿದ್ದರೆ ಅಂಕವನ್ನು ಕೊಡಿ. ಪದದ ಕೆಳಗೆ ಗೆರೆ ಎಳೆದು ಕನ್ನಡದ ಪದವನ್ನು ಪಕ್ಕದಲ್ಲಿ ಬರೆಯಿರಿ. ಪ್ರತಿ ಮಗುವಿನ ಟಿಪ್ಪಣಿ ಪುಸ್ತಕದ ಕೊನೆಯ ಎರಡು ಪುಟಗಳಲ್ಲಿ ಆಕೃತಿ, ಕನ್ನಡ ಪದ, ರಾಜ್ಯಭಾಷೆಯ ಪದ, ಇಂಗ್ಲಿಷ್ ಪದ ಎಂಬ ನಾಲ್ಕು ಅಂಕಣಗಳಿರಲಿ. ಹತ್ತನೆಯ ತರಗತಿಯ ಬಳಿಕ ಹೈಪೊಟೆನ್ಯೂಸ್, ಡಯಾಗನಲ್ ಎಂದು ಕೇಳಿದಾಗ ಅವರು ಹುಡುಕಬೇಕಾದುದು ಕನ್ನಡದ ಅನುವಾದವನ್ನಲ್ಲ, ಮೊದಲ ಅಂಕಣದ ಚಿತ್ರವನ್ನು. ಆ ಅಂಕಣವನ್ನು ಮಕ್ಕಳೇ ತಮ್ಮ ಅಳತೆಪಟ್ಟಿಯಿಂದ ಎಳೆಯಲಿ. ಮುದ್ರಿತ ಹಾಳೆಯನ್ನು ಅಂಟಿಸಿಕೊಡಬೇಡಿ.